ಕೋಣೆಯ ಮೌನ, ಎರಡು

ದೀಪ ತೂಗುಹಾಕಲು ಮೊಳೆ ಬೇಕು, ಮೊಳೆಗೆ ಮರ.
ಶಾಲ್ವಾ ಕತ್ತೆತ್ತಿ ಎಣಿಸಿದ: ಏಳು ಜಂತೆ,
ಮೂರನೆಯದಕ್ಕೆ ಹುಳು ಹಿಡಿದಿದೆ.
ಆಗಷ್ಟೇ ನಾವು ಆಕೆಯ ಜೋಳದ ರೊಟ್ಟಿ ಮುರಿದು
ಕೆಂಪು ಕಾಳಿನ ಸಾರಿಗದ್ದಿ ತಿಂದು
ಬೆರಳು ಒರೆಸಿಕೊಂಡಿದ್ದೆವು.
ಉಂಡ ಮನೆಯ ಜಂತೆ ಎಣಿಸುವುದೇ ಈ ಕಸುಬು.
ಊರು ಬೈಗುಳ ಅನ್ನುವುದನ್ನು
ನಾವು ಲೈಟಿಂಗ್ ಅನ್ನುತ್ತೇವೆ.

ಕ್ವಿರಿಲಾ ಹೊಳೆ ಕೆಳಗೆ ಕರ್ರಗೆ,
ಮ್ಯಾಂಗನೀಸ್ ತೊಳೆದ ನೀರು.
ಮೇಲೆ ತಂತಿಯಲ್ಲಿ ತುಕ್ಕು ಹಿಡಿದ ಡಬ್ಬಿಯೊಂದು
ಗಣಿಗೆ ಹೋಗಲೋ ಬೇಡವೋ ಎಂದು ತೂಗುತ್ತಿತ್ತು.

ನನ್ನ ಕೆಲಸ ಕೇಳುವುದು.
ತ್ಸಿಯಾಲಾಳ ಕಪ್ಪು ಉಣ್ಣೆಯಂಗಿಯ ಒಳಗೆ,
ಎದೆಮೂಳೆಯ ಮೇಲೆ ಮೈಕು ಅಂಟಿಸುವಾಗ
"ನಿನ್ನ ಕೈ ತಣ್ಣಗಿದೆ ಮಗಳೆ" ಅಂದಳು,
ಎರಡೂ ಕೈ ಹಿಡಿದು ಉಜ್ಜಿ
ಬಿಸಿ ಮಾಡಿ ವಾಪಸು ಕೊಟ್ಟಳು.
ಒಪ್ಪಿಗೆಯ ಕಾಗದಕ್ಕೆ ಓದದೆ ಸಹಿ ಹಾಕಿದಳು.
ಓದಿ ಹೇಳುತ್ತೇನೆ ಅಂದೆ.
"ಮೊದಲು ಕನ್ನಡಕ ಸಿಗಲಿ."
ಸಿಗಲಿಲ್ಲ.

ಒತಾರ್ ಗಣಿಗಿಳಿದ ಬೆಳಗಿನ ಕಥೆ ಹೇಳಿದಳು.
ಹೇಳಿ ಹೇಳಿ ನಯವಾದ ಕಥೆ,
ಹಳೆಯ ಗುದ್ದಲಿಯ ಹಿಡಿಕೆಯ ಹಾಗೆ,
ಎಲ್ಲೂ ಸಿಬಿರು ಚುಚ್ಚದು.
ಕಿಟಕಿಯ ಬೆಳಕು ಬದಲಾಯಿತೆಂದು
ಶಾಲ್ವಾ "ಇನ್ನೊಮ್ಮೆ" ಅಂದ.
ಒತಾರ್ ಇನ್ನೊಮ್ಮೆ ಸತ್ತ.
ಎರಡನೆಯ ಸಲ ಇನ್ನೂ ಚೆನ್ನಾಗಿ ಬಂತು.

ಕ್ಯಾಮೆರಾ ಆರಿತು. ಕೇಬಲ್ಲು ಸುತ್ತತೊಡಗಿದರು.
ಆಕೆ ಅಡುಗೆಮನೆಗೆ ಹೋಗಿ, ತಂಗಿ ನಾನುಲಿ ಒಳಗಿದ್ದಳು,
ಬಾಗಿಲು ಹಾಕಿಕೊಂಡಳು.
ಎದೆಯ ಮೇಲಿನ ಮೈಕು ಬಿಚ್ಚಲು ನಾನು ಮರೆತಿದ್ದೆ.
ಇಲ್ಲ. ಮರೆತಿರಲಿಲ್ಲ.
ಬಿಚ್ಚಲೆಂದು ಎದ್ದವಳು
ಕಿವಿಯ ಹೆಡ್‌ಫೋನ್ ತೆಗೆಯದೆ ನಿಂತೆ.

ಗೋಡೆಗೂ ಕಿವಿಯಿದೆ ಅನ್ನುತ್ತಾರೆ; ಪಾಪ, ಗೋಡೆ,
ಅದು ಕೇಳಿದ್ದಕ್ಕೆ ತಾರೀಖು ಹಾಕಿ ಇಡುವುದಿಲ್ಲ.
ಇಪ್ಪತ್ತೆರಡು ಸೆಕೆಂಡು.
ನೀರು ಸುರಿದ ಸದ್ದು, ಒಂದು ತಟ್ಟೆ,
ಆಮೇಲೆ ಆ ಮಾತು.
ಏನಂದಳು ಎಂದು ಕೇಳಬೇಡಿ.
ಅದರಲ್ಲಿ ಒಂದು ಜೊತೆ ಬೂಟು ಇತ್ತು.
ಇಷ್ಟು ಹೇಳಿದ್ದೂ ಹೆಚ್ಚಾಯಿತು.

ಹೊರಡುವ ಮುಂಚೆ ಪ್ರತಿ ಕೋಣೆಯಲ್ಲೂ
ನಿಮಿಷದಷ್ಟು ಮೌನ ಹಿಡಿದುಕೊಳ್ಳುವುದು ನಮ್ಮ ಪದ್ಧತಿ,
ಕತ್ತರಿಸಿದ ಮಾತುಗಳ ನಡುವೆ ತೇಪೆ ಹಾಕಲು.
ಎಲ್ಲರೂ ಕಲ್ಲಾಗಿ ನಿಂತೆವು.
ಒಲೆಯ ಚಟಪಟ. ಫ್ರಿಜ್ಜಿನ ಗೊಣಗು.
ಇದು ಪ್ರಾರ್ಥನೆಯೆಂದು ತಿಳಿದ ತ್ಸಿಯಾಲಾ
ಶಿಲುಬೆಯ ಗುರುತು ಮಾಡಿಕೊಂಡಳು.
ಆ ರಾತ್ರಿ ಫೈಲುಗಳಿಗೆ ಹೆಸರಿಡುವಾಗ
ಇಪ್ಪತ್ತೆರಡು ಸೆಕೆಂಡಿನ ಆ ತುಣುಕಿಗೂ
"ಕೋಣೆಯ ಮೌನ, ಎರಡು" ಎಂದು ಬರೆದೆ.

ಟ್ಬಿಲಿಸಿಯ ಎಡಿಟಿಂಗ್ ಕತ್ತಲಲ್ಲಿ
ಶಾಲ್ವಾ ಮೂರು ತಿಂಗಳು ತಲೆ ಕೆರೆದುಕೊಂಡ:
"ಇಲ್ಲೇನೋ ಕಮ್ಮಿ. ಈ ಹೆಂಗಸು ಏನೋ ನುಂಗಿದ್ದಾಳೆ."
ಪಕ್ಕದಲ್ಲೇ ಕೂತು ನಾನು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದೆ.
ಅಳಿಸಲಿಲ್ಲ. ಕೊಡಲೂ ಇಲ್ಲ.
ಇದನ್ನು ಧರ್ಮ ಅನ್ನಬೇಡಿ;
ಕದ್ದ ಒಡವೆಯನ್ನು ಮಾರದೆ ಇಟ್ಟುಕೊಂಡವಳಿಗೆ
ಕಳ್ಳಿಯಲ್ಲದೆ ಬೇರೆ ಹೆಸರಿದ್ದರೆ ಹೇಳಿ.

ಮರುವರ್ಷ ಗಣಿಯವರ ಕ್ಲಬ್ಬಿನಲ್ಲಿ ತೋರಿಸಿದೆವು.
ಜನ ಅತ್ತರು. ತ್ಸಿಯಾಲಾ ರೇಗಿದಳು:
"ಕಿಟಕಿಯ ಪರದೆ ಒಗೆಯಲು ಬಿಡಲಿಲ್ಲ ನೀವು,
ಜಗತ್ತೆಲ್ಲ ನೋಡಿತು ನನ್ನ ಕೊಳೆ."
ಆಮೇಲೆ ನನ್ನ ಕೋಟಿನ ಜೇಬಿಗೆ ಅಕ್ರೋಟು ತುರುಕುತ್ತಾ,
ದನಿ ತಗ್ಗಿಸಿ,
"ಅವತ್ತು ಅಡುಗೆಮನೆಯಲ್ಲೂ
ಅದು ನನ್ನ ಮೈಮೇಲೇ ಇತ್ತು, ಅಲ್ಲವೆ?"
"ಇತ್ತು."

ಜೇಬು ತುಂಬಿತ್ತು. ತುರುಕುವುದು ಅವಳು ನಿಲ್ಲಿಸಲಿಲ್ಲ.
ನಾಲ್ಕಾರು ಕೆಳಗೆ ಬಿದ್ದು
ಕುರ್ಚಿಗಳ ಸಾಲಿನಡಿ ಉರುಳಿದವು.
ಇಬ್ಬರೂ ಮಂಡಿಯೂರಿ ಹೆಕ್ಕಿದೆವು.
ಅವಳ ಉಸಿರು ಹತ್ತಿರದಲ್ಲೇ,
ಬರಿಯ ಕಿವಿಗೆ ಕೇಳುವಷ್ಟು.